ಕುದುರೆ ಹತ್ತುವ ಮೊದಲೊಂದು ಮುಚ್ಚಳಿಕೆ

"ಸವಾರಿಯ ವೇಳೆ ಗಾಯ, ಅಂಗವೈಕಲ್ಯ ಅಥವಾ ಸಾವು ಸಂಭವಿಸಿದಲ್ಲಿ, ಅದು ನಮ್ಮ ನಿರ್ಲಕ್ಷ್ಯದಿಂದಲೇ ಆಗಿದ್ದರೂ, ಸಂಸ್ಥೆಯಾಗಲಿ ಸಿಬ್ಬಂದಿಯಾಗಲಿ ಹೊಣೆಯಲ್ಲ ಎಂದು ಒಪ್ಪಿರುತ್ತೇನೆ."

ಎರಡು ಪುಟಗಳ ಇಂಗ್ಲಿಷ್ ಕಾಗದದಲ್ಲಿ ದಪ್ಪಕ್ಷರದಲ್ಲಿದ್ದ ಒಂದೇ ಒಂದು ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ. ಅದನ್ನು ನನ್ನ ಮುಂದಿಟ್ಟವರು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ. ಬಿ.ಸಿ.ರೋಡಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು. ಹುಡುಗಿ ಬೇಸಗೆ ರಜೆಯಲ್ಲಿ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗುವವಳಿದ್ದಳು. ಅಲ್ಲಿ ಹತ್ತು ದಿನಗಳ ಕುದುರೆ ಸವಾರಿ ಶಿಬಿರ. ಹಣ ಕಟ್ಟಿ ಆಗಿದೆ, ಸಹಿ ಮಾತ್ರ ಬಾಕಿ.

"ಮಾಸ್ಟ್ರೇ, ಇದಕ್ಕೆ ಸಹಿ ಹಾಕಿದರೆ ಮಗಳನ್ನೇ ಬರೆದುಕೊಟ್ಟ ಹಾಗೆ ಆಯ್ತಲ್ಲ?" ಎಂದು ಅವರು ಕೇಳಿದರು. "ಹಾಕದಿದ್ದರೆ ಕುದುರೆ ಹತ್ತಿಸುವುದಿಲ್ಲವಂತೆ."

ನನ್ನಲ್ಲಿಗೇ ಯಾಕೆ ಬಂದರೆಂದರೆ, ಶಾಲೆಯ ಪ್ರವಾಸದ ಉಸ್ತುವಾರಿ ಹಲವು ವರ್ಷಗಳಿಂದ ನನ್ನದು. ಪೋಷಕರಿಂದ ಸಹಿ ಪಡೆಯುವವನಿಗೆ ಸಹಿಯ ಮರ್ಮ ಗೊತ್ತಿರಬೇಕು ಎಂಬುದು ಅವರ ಲೆಕ್ಕಾಚಾರ. ಕುದುರೆಯ ವಿಷಯದಲ್ಲಿ ಮಾತ್ರ ನಾನು ಅಷ್ಟೇನೂ ಬಲ್ಲವನಲ್ಲ. ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯವರಿಗೆ ಕುದುರೆ ಎಂದರೆ ಮೋಡವಿಲ್ಲದ ದಿನ ಕಾಣುವ ಕುದುರೆಮುಖ. ಇಲ್ಲಿ ಓಡುವುದು ಕಂಬಳದ ಕೋಣಗಳು. ಹೆಚ್ಚೆಂದರೆ ಪಣಂಬೂರಿನ ಕಡಲತೀರದಲ್ಲಿ ಮಕ್ಕಳನ್ನು ಕುದುರೆಯ ಮೇಲೆ ಕುಳ್ಳಿರಿಸಿ ಫೋಟೊ ತೆಗೆಸಿರುತ್ತೇವೆ. ಅಲ್ಲಿ ಯಾರೂ ಕಾಗದ ಕೇಳುವುದಿಲ್ಲ. ತಲೆಗೆ ಹೆಲ್ಮೆಟ್ಟನ್ನೂ ಕೇಳುವುದಿಲ್ಲ ಎನ್ನುವುದು ಬೇರೆ ಮಾತು.

ಆದರೆ ಕುದುರೆ ಹೊಸದಾದರೂ ಆ ವಾಕ್ಯ ನಮಗೆ ಹೊಸದೇನಲ್ಲ. ಲಾಂಡ್ರಿಯ ಚೀಟಿಯ ಹಿಂಬದಿಯಲ್ಲಿ ಅದಿದೆ. ವಾಹನ ನಿಲ್ಲಿಸುವ ಜಾಗದ ಫಲಕದಲ್ಲಿ ಅದಿದೆ. ಜಾತ್ರೆಯ ತೊಟ್ಟಿಲು ತಿರುಗುವಲ್ಲಿಯೂ ಒಂದು ತಗಡಿನ ಮೇಲೆ ಅದೇ ಬರೆದಿರುತ್ತದೆ. ಇವುಗಳಲ್ಲಿ ಲಾಂಡ್ರಿಯ ಚೀಟಿ ಕೋರ್ಟು ಮೆಟ್ಟಿಲು ಹತ್ತಿದ ಕಥೆ ಕಾನೂನು ಓದಿದವರಿಗೆಲ್ಲ ಗೊತ್ತು. 1960ರ ದಶಕದಲ್ಲಿ ಮದ್ರಾಸಿನ ಲಾಂಡ್ರಿಯೊಂದಕ್ಕೆ ಹಾಕಿದ ಹೊಸ ಸೀರೆ ಕಳೆದುಹೋಯಿತು. ಬಟ್ಟೆ ಕಳೆದರೆ ಬೆಲೆಯ ನೂರಕ್ಕೆ 15ರಷ್ಟು ಮಾತ್ರ ಕೊಡುತ್ತೇವೆ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ಮದ್ರಾಸ್ ಹೈಕೋರ್ಟು ಆ ಷರತ್ತನ್ನು ಒಪ್ಪಲಿಲ್ಲ. ಅದನ್ನು ಒಪ್ಪಿದರೆ ನೂರು ರೂಪಾಯಿಯ ಬಟ್ಟೆಯನ್ನು ಹದಿನೈದು ರೂಪಾಯಿಗೆ ತನ್ನದಾಗಿಸಿಕೊಳ್ಳಲು ಅಂಗಡಿಯವನಿಗೆ ದಾರಿಮಾಡಿಕೊಟ್ಟ ಹಾಗಾಗುತ್ತದೆ. ಹಾಗಾಗಿ ಇದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂಬ ತರ್ಕ. ನಮ್ಮ ಮೈಸೂರು ಹೈಕೋರ್ಟು ಕೂಡ ಆಮೇಲೆ ಇನ್ನೊಂದು ಲಾಂಡ್ರಿಯ ಮೊಕದ್ದಮೆಯಲ್ಲಿ ಇದೇ ಹಾದಿ ಹಿಡಿಯಿತು.

ವಾಹನದ ಕಥೆ ಹತ್ತಿರದ್ದು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಲಿಯನ್ನು ಹೋಟೆಲಿನವರ ಕೈಗೆ ಕೊಟ್ಟರು. ತಿರುಗಿ ಬರುವಾಗ ಕಾರು ಇರಲಿಲ್ಲ. ಕಾರು ನಿಲ್ಲಿಸಿದ್ದು ಮಾಲೀಕರ ಸ್ವಂತ ಜವಾಬ್ದಾರಿಯಲ್ಲಿ ಎಂದು ಚೀಟಿಯಲ್ಲಿದೆಯಲ್ಲ ಎಂಬುದು ಹೋಟೆಲಿನ ವಾದ. 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ತಾತ್ಪರ್ಯ ಇಷ್ಟು: ಕೀಲಿ ಕೈಗೆ ತೆಗೆದುಕೊಂಡ ಮೇಲೆ ಕಾಳಜಿಯಿಂದ ನೋಡಿಕೊಳ್ಳಬೇಕು. ತನ್ನ ಕಡೆಯ ಅಜಾಗರೂಕತೆಗೆ ಚೀಟಿಯನ್ನು ಅಡ್ಡ ಹಿಡಿಯುವಂತಿಲ್ಲ.

ಸೀರೆಗೂ ಕಾರಿಗೂ ಇಷ್ಟು ರಕ್ಷಣೆ ಇರುವಾಗ ಮಗುವಿಗೆ ಕಡಿಮೆ ಇದ್ದೀತೇ? ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು, ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ ನಮ್ಮಲ್ಲಿ ಬೆಲೆಯಿಲ್ಲ. 1872ರ ಕರಾರು ಕಾಯ್ದೆಯ 11ನೆಯ ಕಲಮು, ಅದರ ಮೇಲೆ 1903ರಲ್ಲಿ ಪ್ರಿವಿ ಕೌನ್ಸಿಲ್ ಮೋಹರಿ ಬೀಬಿಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇಂದಿಗೂ ನಿಂತಿವೆ. ಆದ್ದರಿಂದ ಹುಡುಗಿಯ ಸಹಿ ಬರಿಯ ಅಲಂಕಾರ. ಎರಡನೆಯದು ತಂದೆಯ ಸಹಿ. ಪೆಟ್ಟಾದದ್ದು ಮಗುವಿಗೆ, ಪರಿಹಾರ ಕೇಳುವ ಹಕ್ಕೂ ಮಗುವಿನದೇ. ಆ ಹಕ್ಕು ಎಷ್ಟು ಸ್ವಂತದ್ದೆಂದರೆ, ಸಾಮಾನ್ಯ ದಾವೆಗಳಲ್ಲಿ ಅವಧಿಯ ಲೆಕ್ಕವನ್ನು ಮಗು ಪ್ರಾಯಕ್ಕೆ ಬಂದ ಮೇಲೆ ಹಿಡಿಯಲು 1963ರ ಕಾಲಮಿತಿ ಕಾಯ್ದೆ ಅವಕಾಶ ಕೊಟ್ಟಿದೆ. ನ್ಯಾಯಾಲಯದ ಬಾಗಿಲನ್ನೇ ಪೂರ್ತಿ ಮುಚ್ಚುವ ಕರಾರು ನಿರರ್ಥಕವೆಂದು ಕರಾರು ಕಾಯ್ದೆಯ 28ನೆಯ ಕಲಮು ಹೇಳುತ್ತದೆ. ಇನ್ನು ಶಿಬಿರಕ್ಕೆ ಹಣ ಕಟ್ಟಿದವರು ಗ್ರಾಹಕರೂ ಹೌದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನ್ಯಾಯವಲ್ಲದ ಕರಾರನ್ನು ಪ್ರಶ್ನಿಸುವ ದಾರಿಯನ್ನೂ ಸೇರಿಸಿದ್ದಾರೆ. ಇದೆಲ್ಲ ದಿವಾಣಿ ಮಾತಾಯಿತು. ಅಜಾಗರೂಕತೆಯಿಂದ ಜೀವ ಹೋದರೆ ಅದು ಅಪರಾಧ. ಅಪರಾಧಕ್ಕೆ ಮುಂಗಡ ಕ್ಷಮಾಪಣೆ ಬರೆದುಕೊಡಲು ಯಾವ ತಂದೆಗೂ ಅಧಿಕಾರವಿಲ್ಲ.

ಹಾಗಾದರೆ ಈ ಕಾಗದ ಎಲ್ಲಿಂದ ಬಂತು? ಬಹುಪಾಲು ಅಮೆರಿಕದಿಂದ. ಅಲ್ಲಿ ವಾಷಿಂಗ್ಟನ್ ರಾಜ್ಯ 1989ರಲ್ಲಿ ಕುದುರೆ ಸವಾರಿಗೆಂದೇ ಒಂದು ಕಾನೂನು ಮಾಡಿತು. ಕುದುರೆಯ ಸಹಜ ಗುಣದಿಂದ ಬರುವ ಅಪಾಯಕ್ಕೆ ಲಾಯದ ಮಾಲೀಕ ಹೊಣೆಯಲ್ಲ ಎಂಬುದು ಅದರ ಸಾರ. ಅದನ್ನು ಕಂಡು ಹೆಚ್ಚಿನ ರಾಜ್ಯಗಳು ಹಾಗೆಯೇ ಮಾಡಿದವು. ಆದರೆ ಅಲ್ಲಿಯೂ ತಂದೆತಾಯಿಯ ಸಹಿಯ ಬಗ್ಗೆ ಒಮ್ಮತವಿಲ್ಲ. ಕೊಲೊರಾಡೊ ರಾಜ್ಯದಲ್ಲಿ ಹಿಮಜಾರಾಟದ ಅಭ್ಯಾಸದಲ್ಲಿ ಮರಕ್ಕೆ ಢಿಕ್ಕಿ ಹೊಡೆದು ಕಣ್ಣು ಕಳೆದುಕೊಂಡ 17ರ ಹುಡುಗನ ಮೊಕದ್ದಮೆ ನಡೆಯಿತು. ತಾಯಿಯ ಸಹಿ ಮಗನ ಹಕ್ಕನ್ನು ಕಸಿಯಲಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ಮರುವರ್ಷವೇ ಅಲ್ಲಿನ ಶಾಸನಸಭೆ ಕಾನೂನು ಮಾಡಿ ತೀರ್ಪನ್ನು ತಿರುಗಿಸಿಬಿಟ್ಟಿತು! ಇಂಗ್ಲೆಂಡಿನವರದು ಇದಕ್ಕೆ ತದ್ವಿರುದ್ಧ. ವ್ಯಾಪಾರ ನಡೆಸುವವರು ತಮ್ಮ ಅಜಾಗರೂಕತೆಯಿಂದಾದ ಸಾವುನೋವಿನ ಹೊಣೆಯನ್ನು ಯಾವ ಫಲಕದಿಂದಲೂ ಕರಾರಿನಿಂದಲೂ ತಪ್ಪಿಸಿಕೊಳ್ಳುವಂತಿಲ್ಲವೆಂದು 1977ರ ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ. ಅಮೆರಿಕದ ಕಾಗದವನ್ನು ನಕಲು ಮಾಡಿದ ನಮ್ಮವರು ಇಂಗ್ಲೆಂಡಿನದನ್ನೂ ಒಮ್ಮೆ ಓದಬಹುದಿತ್ತು.

ಆದರೂ ಕುದುರೆಯ ಸಹಜ ಗುಣ ಎಂದು ಅಮೆರಿಕದವರು ಹೇಳಿದ ಮಾತನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಅದು ವಿಜ್ಞಾನದ ಮಾತು. ಕುದುರೆ ಹುಟ್ಟಾ ಪುಕ್ಕಲು ಪ್ರಾಣಿ. ಹುಲ್ಲುಗಾವಲಿನಲ್ಲಿ ಬೇಟೆಯ ಮೃಗಗಳಿಂದ ತಪ್ಪಿಸಿಕೊಂಡು ಉಳಿದ ಜಾತಿ ಅದು. ಮೊದಲು ಓಡು, ಆಮೇಲೆ ಏನೆಂದು ನೋಡು ಎಂಬುದು ಅದರ ರಕ್ತದಲ್ಲಿದೆ. ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ. ಬಾಲದ ನೇರ ಹಿಂದೆ, ಹಣೆಯ ಸಮೀಪ ಎದುರಿಗೆ ಮಾತ್ರ ಕುರುಡು. ಹಿಂದಿನಿಂದ ಸದ್ದಿಲ್ಲದೆ ಹೋದವನಿಗೆ ಒದೆ ಬೀಳುವುದು ಇದಕ್ಕೇ. ಗಾಳಿಗೆ ಹಾರಿದ ಒಂದು ಪ್ಲಾಸ್ಟಿಕ್ ಚೀಲ ಸಾಕು, ನಾನೂರು ಐನೂರು ಕಿಲೋ ತೂಕದ ದೇಹ ಪಕ್ಕಕ್ಕೆ ಜಿಗಿಯಲು.

ಬೀಳುವವರ ಲೆಕ್ಕವನ್ನು ಒಂಬತ್ತನೆಯ ತರಗತಿಯ ಮಕ್ಕಳೇ ಮಾಡಬಹುದು. ಕುದುರೆಯ ಎತ್ತರವನ್ನು ಹ್ಯಾಂಡ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಎಂದರೆ 4 ಇಂಚು. 15 ಹ್ಯಾಂಡಿನ ಸಾಧಾರಣ ಕುದುರೆಯ ಹೆಗಲು ನೆಲದಿಂದ 5 ಅಡಿ. ಮೇಲೆ ಕುಳಿತವರ ತಲೆ ಸುಮಾರು 2.3 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ 6.7 ಮೀಟರ್, ಅಂದರೆ ಗಂಟೆಗೆ 24 ಕಿಲೋಮೀಟರ್. ಇದು ಕುದುರೆ ಸುಮ್ಮನೆ ನಿಂತಿರುವಾಗಿನ ಲೆಕ್ಕ. ಆ ವೇಗದ ತಲೆ ಗಟ್ಟಿ ನೆಲದ ಮೇಲೆ ಅರ್ಧ ಸೆಂಟಿಮೀಟರಿನೊಳಗೆ ನಿಂತುಬಿಟ್ಟರೆ ಗುರುತ್ವದ 450 ಪಟ್ಟಿಗೂ ಮೀರಿದ ಆಘಾತ. ಹೆಲ್ಮೆಟ್ಟಿನೊಳಗಿನ ಬೆಂಡು 2 ಸೆಂಟಿಮೀಟರ್ ಕುಗ್ಗಿ ಅದನ್ನು ನಿಲ್ಲಿಸಿದರೆ ಅದು 115 ಪಟ್ಟಿಗೆ ಇಳಿಯುತ್ತದೆ. ನಾಲ್ಕರಲ್ಲಿ ಒಂದು ಪಾಲು! ಸಹಿ ಹಾಕಿದ ಕಾಗದದ ದಪ್ಪವೆಷ್ಟು ಎಂದು ನಾನು ಆ ತಂದೆಗೆ ಕೇಳಿದೆ. ಅವರು ನಕ್ಕರು.

ನಕ್ಕ ಮೇಲೆ ಇಬ್ಬರೂ ಕುಳಿತು ಆ ಎರಡು ಪುಟಗಳನ್ನು ಪೂರ್ತಿ ಓದಿದೆವು. ಆಗ ಕಂಡ ಸಂಗತಿ ಇದು. ಅದರಲ್ಲಿ ಹೊಣೆಯಲ್ಲ ಎಂಬುದು ಐದಾರು ಬಗೆಯಲ್ಲಿ ಬಂದಿತ್ತು. ಹೆಲ್ಮೆಟ್ ಅವರು ಕೊಡುತ್ತಾರೋ ನಾವು ತರಬೇಕೋ ಎಂಬುದು ಇರಲಿಲ್ಲ. ಒಬ್ಬ ಶಿಕ್ಷಕನಿಗೆ ಎಷ್ಟು ಮಕ್ಕಳು, ಹೊಸಬರು ಹತ್ತಿದಾಗ ಲಗಾಮು ಯಾರ ಕೈಯಲ್ಲಿ, ಬಿದ್ದರೆ ಯಾವ ಆಸ್ಪತ್ರೆಗೆ ಎಷ್ಟು ದೂರ, ವಿಮೆ ಇದೆಯೇ, ಒಂದೂ ಇರಲಿಲ್ಲ. ಕಾಲಿಗೆ ಏನು ಹಾಕಿಕೊಂಡು ಬರಬೇಕು ಎಂಬುದು ಕೂಡ ಇಲ್ಲ. ಇದು ಸಣ್ಣ ವಿಷಯವಲ್ಲ. ನಮ್ಮ ಮಕ್ಕಳು ಎಲ್ಲಿಗೆ ಹೋದರೂ ಚಪ್ಪಲಿ. ಕುದುರೆಯ ಮೇಲೆ ಕಾಲಿಡುವ ಕಬ್ಬಿಣದ ಬಳೆ ಇದೆಯಲ್ಲ, ರಿಕಾಪು, ಹಿಮ್ಮಡಿಯಿಲ್ಲದ ಚಪ್ಪಲಿಯ ಕಾಲು ಅದರೊಳಗೆ ನುಸುಳಿಬಿಡುತ್ತದೆ. ಬಿದ್ದವರ ಕಾಲು ಅಲ್ಲೇ ಸಿಕ್ಕಿಕೊಂಡರೆ ಬೆದರಿದ ಕುದುರೆ ಎಳೆದುಕೊಂಡೇ ಓಡುತ್ತದೆ. ಹಿಮ್ಮಡಿ ಇರುವ ಶೂ ಬೇಕೆನ್ನುವುದು ಅದಕ್ಕೆ.

ಕುದುರೆ ಬೆದರಿತು, ಹುಡುಗಿ ಬಿದ್ದಳು ಎಂಬುದು ಒಂದು. ಸವೆದ ಹೊಟ್ಟೆಪಟ್ಟಿ ಕಿತ್ತು ಜೀನು ಸಮೇತ ಹುಡುಗಿ ಬಿದ್ದಳು ಎಂಬುದು ಇನ್ನೊಂದು. ಮೊದಲನೆಯದಕ್ಕೆ, ಗೊತ್ತಿದ್ದೇ ಹತ್ತಿದ್ದೀರಿ ಎಂಬ ಮಾತಿಗೆ ನ್ಯಾಯಾಲಯ ಕಿವಿಗೊಟ್ಟೀತು. ಎರಡನೆಯದು ನೋಡಿಕೊಳ್ಳಬೇಕಾದವರ ಉದಾಸೀನ. ಕಾಗದ ಬರೆದವರು ಜಾಣತನದಿಂದ ಇವೆರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದ್ದರು. ನನ್ನ ಸಿಟ್ಟೆಲ್ಲ ಆ ಗಂಟಿನ ಮೇಲೆ.

ನಾವು ಫೋನು ಮಾಡಿ ಒಂದೊಂದಾಗಿ ಕೇಳಿದೆವು. ಆ ಕಡೆಯವರು ಮೊದಲು ಸ್ವಲ್ಪ ಬಿಗುವಾಗಿದ್ದರೂ ಉತ್ತರ ಕೊಟ್ಟರು. ಹೆಲ್ಮೆಟ್ ಇದೆ, ಮೊದಲ ನಾಲ್ಕು ದಿನ ಲಗಾಮು ತರಬೇತುದಾರನ ಕೈಯಲ್ಲೇ, ಶೂ ಕಡ್ಡಾಯ. ಇಷ್ಟನ್ನು ಕಾಗದದಲ್ಲೇ ಬರೆಯಬಹುದಿತ್ತಲ್ಲ ಎಂದಾಗ, "ಯಾರೂ ಕೇಳುವುದಿಲ್ಲ ಸರ್" ಎಂದರು. ತಂದೆ ಆ ದಪ್ಪಕ್ಷರದ ಸಾಲಿನಲ್ಲಿ ನಿರ್ಲಕ್ಷ್ಯದ ಮಾತನ್ನು ಹೊಡೆದುಹಾಕಿ, ಫೋನಿನಲ್ಲಿ ಸಿಕ್ಕ ಉತ್ತರಗಳನ್ನು ಕೆಳಗೆ ಬರೆದು ಸಹಿ ಮಾಡಿದರು. ಯಾರೂ ಆಕ್ಷೇಪಿಸಲಿಲ್ಲ. ಹುಡುಗಿ ಹತ್ತು ದಿನ ಸವಾರಿ ಮಾಡಿ, ತೊಡೆ ಉಜ್ಜಿ ಕೆಂಪಾಗಿ, ಕುದುರೆಯ ಲದ್ದಿ ಬಾಚುವುದನ್ನೂ ಕಲಿತು ಬಂದಳು.

ಆ ಕಾಗದ ಹೀಗೆ ಮುಗಿಯಿತು. ಆದರೆ ಶಾಲೆಗಳು ಪಡೆಯುವ ಕಾಗದದ ಮಾತು ಉಳಿದಿದೆ. "ಪ್ರವಾಸದಲ್ಲಿ ಯಾವುದೇ ಅನಾಹುತ ಸಂಭವಿಸಿದರೂ ಶಾಲೆ ಹೊಣೆಯಲ್ಲ" ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದ ಪೋಷಕರು ನಮ್ಮಲ್ಲಿ ವಿರಳ. ಇದನ್ನು ಓದುವ ಮಕ್ಕಳೇ, ನಿಮ್ಮಲ್ಲಿ ಕೆಲವರು ಪ್ರವಾಸ ತಪ್ಪೀತೆಂದು ಅಪ್ಪನ ಸಹಿಯನ್ನು ನೀವೇ ಹಾಕಿಯೂ ಇದ್ದೀರಿ, ನನಗೆ ಗೊತ್ತು.

1995ರಲ್ಲಿ ಪಂಜಾಬಿನ ಪಠಾಣ್‌ಕೋಟ್ ಬಳಿಯ ಶಾಲೆಯೊಂದರ ಮಕ್ಕಳು ಬಿಯಾಸ್ ನದಿಯ ದಂಡೆಗೆ ವಿಹಾರಕ್ಕೆ ಹೋದರು. ಹದಿನಾಲ್ಕು ಮಕ್ಕಳು ನೀರುಪಾಲಾದರು. ಹಿಮಾಚಲ ಪ್ರದೇಶದ ಹೈಕೋರ್ಟು ಪ್ರತಿ ಮಗುವಿನ ಮನೆಯವರಿಗೆ 5 ಲಕ್ಷ ರೂಪಾಯಿ ಕೊಡಲು ಹೇಳಿತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶಿಕ್ಷಕರು ಮಾಡಿದ್ದಕ್ಕೆ ನಾವು ಹೊಣೆಯಲ್ಲ ಎಂಬ ಆಡಳಿತ ಮಂಡಳಿಯ ವಾದ ನಿಲ್ಲಲಿಲ್ಲ. ಅದೇ ಬಿಯಾಸ್ ನದಿಯಲ್ಲಿ 2014ರಲ್ಲಿ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಹೈದರಾಬಾದಿನ 24 ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರೇನೂ ಚಿಕ್ಕ ಮಕ್ಕಳಲ್ಲ. ಆದರೂ 20 ಲಕ್ಷದಂತೆ ಪರಿಹಾರ ಕೊಡಬೇಕಾದವರಲ್ಲಿ ವಿದ್ಯುತ್ ಮಂಡಳಿಯ ಜೊತೆಗೆ ಕಾಲೇಜೂ ಇತ್ತು. ನಮ್ಮ ಕರಾವಳಿಯಲ್ಲೇ, 2024ರ ಡಿಸೆಂಬರ್ 10ರಂದು, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುರ್ಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಬಯಲುಸೀಮೆಯ ಮಕ್ಕಳು, ಸಮುದ್ರ ಕಂಡ ಸಂಭ್ರಮ. ಅಲೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳನ್ನೂ ಎಳೆದೊಯ್ಯುತ್ತದೆಂದು ಅವರಿಗೆ ಹೇಗೆ ಗೊತ್ತಿರಬೇಕು? ಜೊತೆಗಿದ್ದ ಶಿಕ್ಷಕರ ಮೇಲೆ ಪೊಲೀಸು ಮೊಕದ್ದಮೆಯಾಯಿತು.

ಆ ವಾರ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಯಾರಿಗೂ ಚಹಾ ಗಂಟಲಲ್ಲಿ ಇಳಿಯಲಿಲ್ಲ. "ಇನ್ನು ಪ್ರವಾಸವೇ ಬೇಡ" ಎಂದರು ಒಬ್ಬರು. "ಒಪ್ಪಿಗೆ ಪತ್ರವನ್ನು ಛಾಪಾ ಕಾಗದದ ಮೇಲೆ ಮಾಡಿಸುವ" ಎಂದರು ಇನ್ನೊಬ್ಬರು. ಇಬ್ಬರ ಹೆದರಿಕೆಯೂ ನನ್ನದೇ. ನಲವತ್ತು ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿದ ರಾತ್ರಿ ನಿದ್ದೆ ಬಂದ ಶಿಕ್ಷಕನಿಲ್ಲ. ಆದರೆ ಛಾಪಾ ಕಾಗದ ಅಲೆಯನ್ನು ತಡೆಯುವುದಿಲ್ಲ, ಮೊಕದ್ದಮೆಯನ್ನೂ ತಡೆಯುವುದಿಲ್ಲ. ಪ್ರವಾಸ ನಿಲ್ಲಿಸಿದರೆ ನಷ್ಟ ಬಡವರ ಮಕ್ಕಳಿಗೆ. ಮನೆಯಲ್ಲಿ ಕಾರಿರುವವರು ಹೇಗೂ ಬೇಲೂರು, ಮೈಸೂರು ನೋಡಿಬರುತ್ತಾರೆ. ಅಪ್ಪ ಕೂಲಿಗೆ ಹೋಗುವ, ಅಮ್ಮ ಬೀಡಿ ಕಟ್ಟುವ ಮನೆಯ ಹುಡುಗನಿಗೆ ಘಟ್ಟ ಹತ್ತಿಸಿ ತೋರಿಸುವವರು ನಾವಲ್ಲದೆ ಬೇರೆ ಯಾರು?

ನಮ್ಮ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಹಳೆಯ ಪತ್ರವನ್ನು ಬದಲಾಯಿಸಿದೆವು. ಹೊಣೆಯಲ್ಲ ಎಂಬ ಸಾಲು ಹೋಯಿತು. ಈಗ ಮೊದಲ ಪುಟದಲ್ಲಿ ನಾವು ಏನು ಮಾಡುತ್ತೇವೆ ಎಂಬುದಿದೆ. ಎಲ್ಲಿ ನಿಲ್ಲುತ್ತೇವೆ, ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕ, ಹುಡುಗಿಯರ ಜೊತೆ ಯಾವ ಶಿಕ್ಷಕಿ, ನದಿಗೂ ಸಮುದ್ರಕ್ಕೂ ಇಳಿಸುವುದಿಲ್ಲ, ಬಸ್ಸು ಹತ್ತುವಾಗಲೆಲ್ಲ ತಲೆ ಎಣಿಕೆ, ಜಮಾಲಾಬಾದಿನಂಥ ಕಡಿದಾದ ಕಡೆ ಮಳೆ ಬಂದರೆ ಹತ್ತುವುದೇ ಇಲ್ಲ. ಎರಡನೆಯ ಪುಟ ಪೋಷಕರದು. ಈಜು ಬರುತ್ತದೆಯೇ, ಉಬ್ಬಸ, ಅಪಸ್ಮಾರ ಇದೆಯೇ, ಯಾವ ಔಷಧಿ ಆಗುವುದಿಲ್ಲ, ರಾತ್ರಿ ಯಾವ ನಂಬರಿಗೆ ಫೋನು ಮಾಡಬೇಕು ಎಂಬ ಪ್ರಶ್ನೆಗಳು. ಕೊನೆಗೆ ನಾಲ್ಕು ಗೆರೆ ಖಾಲಿ ಬಿಟ್ಟು, ಬೇರೆ ಏನಾದರೂ ತಿಳಿಸುವುದಿದೆಯೇ ಎಂದು ಕೇಳಿದೆವು.

ಮೊದಲ ವರ್ಷವೇ ಆ ನಾಲ್ಕು ಗೆರೆಗಳಲ್ಲಿ ಏನೇನೆಲ್ಲ ಬಂತು! ಒಬ್ಬನಿಗೆ ಶೇಂಗಾ ತಿಂದರೆ ಮೈ ದಡ್ಡು ಏಳುತ್ತದೆ, ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬಳು ನಿದ್ದೆಯಲ್ಲಿ ಎದ್ದು ನಡೆಯುತ್ತಾಳೆ. ಅವಳ ಚಾಪೆಯನ್ನು ಬಾಗಿಲಿನಿಂದ ದೂರ, ಟೀಚರ ಪಕ್ಕಕ್ಕೆ ಹಾಕಿಸಿದೆವು. ಎಂಟನೆಯ ತರಗತಿಯ ಹುಡುಗನೊಬ್ಬನ ತಾಯಿ, ಸಹಿ ಮಾಡಲಷ್ಟೇ ಬರುವವರು, ಪಕ್ಕದ ಮನೆಯವರಿಂದ ಬರೆಸಿ ಕಳಿಸಿದ್ದರು: "ಇವನಿಗೆ ಘಟ್ಟದ ತಿರುವಿನಲ್ಲಿ ವಾಂತಿ ಆಗ್ತದೆ. ನಾಚಿಕೆಯಿಂದ ಹೇಳುವುದಿಲ್ಲ. ಕಿಟಕಿ ಬದಿ ಸೀಟು ಕೊಡಿ ಮಾಸ್ಟ್ರೇ."